ಬ್ರೇಕಮ್ಮನ ಸೊಸೆ ಮತ್ತು ಬಾಡಿಗೆ ಕಾರು

ಬಾಡಿಗೆ ಕಾರಿನ ಆಫೀಸಿನ ಹುಡುಗಿ ಇನ್ನೂ ಕಾಗದಕ್ಕೆ ಸೀಲು ಒತ್ತುತ್ತಿದ್ದಳು. ಅಷ್ಟರಲ್ಲಿ ಅತ್ತೆ ಹೊರಗೆ ಹೋಗಿ ಕಾರಿಗೆ ಎರಡು ಸುತ್ತು ಬಂದು, ನಾಲ್ಕೂ ಟೈರುಗಳನ್ನು ಒದ್ದು, ಡಿಕ್ಕಿ ತೆಗೆಸಿ ಸ್ಟೆಪ್ನಿಯನ್ನು ಹೆಬ್ಬೆರಳಿನಿಂದ ಅಮುಕಿ ನೋಡಿ, ಹಿಂದಿನ ಬಂಪರಿನ ಮೇಲೆ ಬೆರಳುದ್ದದ ಗೀರೊಂದನ್ನು ಪತ್ತೆ ಹಚ್ಚಿಕೊಂಡು ಒಳಗೆ ಬಂದರು.

"ಆ ಗೀರು ನಿಮ್ಮ ಕಾಗದದಲ್ಲಿ ಇಲ್ಲ. ಬರ್ಕೊಳ್ಳಿ. ನಾಳೆ ನಮ್ಮ ತಲೆಗೆ ಕಟ್ಟಬಾರದು."

ಹುಡುಗಿ ತೆಪ್ಪಗೆ ಬರೆದುಕೊಂಡಳು. ಅತ್ತೆಯ ಎದುರು ಯಾರಾದರೂ ಹಾಗೆಯೇ. ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ ಹೆಂಗಸು ಅವರು. ಅವರ ಊರಿನ ಅರ್ಧ ಲೈಸೆನ್ಸುಗಳು ಅವರ ಬೈಗುಳದಿಂದಲೇ ಹುಟ್ಟಿದವು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕು ಇರುತ್ತದಲ್ಲ, ಅದನ್ನು ಅವರು ಒತ್ತುತ್ತಿದ್ದ ರಭಸ ನೋಡಿಯೇ ಶಿಷ್ಯರೆಲ್ಲ ಸೇರಿ ಬ್ರೇಕಮ್ಮ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಬೇಜಾರೇನೂ ಮಾಡಿಕೊಂಡಿರಲಿಲ್ಲ. "ಆಕ್ಸಿಲರೇಟರಮ್ಮ ಅಂದಿದ್ರೆ ಬೇಜಾರಾಗ್ತಿತ್ತು," ಎಂದಿದ್ದರು.

ಸೊಸೆಯೂ ಅವರ ಶಿಷ್ಯೆಯೇ. ಹದಿಮೂರು ವರ್ಷದ ಹಿಂದೆ ಕಾರು ಕಲಿಯಲು ಬಂದವಳಿಗೆ ಏನು ಮಾಡಿದರೂ ರಿವರ್ಸ್ ಹತ್ತಲಿಲ್ಲ. ಮೂರು ವಾರ ಹೆಚ್ಚಿಗೆ ಬಂದಳು. ಆ ಮೂರು ವಾರದಲ್ಲಿ, ಆಫೀಸಿನ ಮೂಲೆಯಲ್ಲಿ ಕೂತು ಫಾರಂ ತುಂಬುತ್ತಿದ್ದ ಅತ್ತೆಯ ಮಗನಿಗೂ ಅವಳಿಗೂ ಮಾತು ಬೆಳೆಯಿತು, ಮುಂದಿನದು ಗೊತ್ತಿದ್ದದ್ದೇ. ಒಂಬತ್ತು ವರ್ಷ ಚೆನ್ನಾಗಿಯೇ ಇದ್ದರು. ಆಮೇಲೆ ಅವನ ಎರಡೂ ಕಿಡ್ನಿ ಕೈಕೊಟ್ಟವು. ಅವನು ಹೋಗಿ ನಾಲ್ಕು ವರ್ಷವಾಗಿತ್ತು. ಅತ್ತೆಯ ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು, ಮನೆಯಲ್ಲಿ ಉಳಿದದ್ದು ಇವರಿಬ್ಬರೇ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಇವರಿಬ್ಬರಿಗೂ ಬಂದದ್ದು ಒಂದೇ ಕಾಲ.

ಈಗ ಮೂವತ್ತೇಳರ ಸೊಸೆ ಆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ದಿನ ಈ ಕಡಲ ಊರು ಸುತ್ತಬೇಕು. ಸುತ್ತುವುದು ನೆಪ. ಆ ಎರಡು ದಿನದಲ್ಲಿ ಒಂದು ಮಾತು ಹೇಳಬೇಕು: ನಾನು ಮತ್ತೆ ಮದುವೆ ಆಗಬೇಕು ಅಂತಿದ್ದೀನಿ.

ಹುಡುಗ ಇದೇ ಊರಿನವನು. ನಲವತ್ತೆರಡು ವರ್ಷದವನನ್ನು ಹುಡುಗ ಎನ್ನಬಹುದಾದರೆ. ಈ ಊರಿನಲ್ಲಿ ನದಿ ಬಂದು ಸಮುದ್ರಕ್ಕೆ ಸೇರುವ ಕಡೆ ಸೇತುವೆ ಇಲ್ಲ. ಆಚೆ ದಡಕ್ಕೆ ಗಾಡಿಗಳನ್ನು ಫೆರಿಯ ಮೇಲೆ ಸಾಗಿಸುತ್ತಾರೆ. ಕೈ ತೋರಿಸಿ, ಹಿಂದೆ ಮುಂದೆ ಮಾಡಿಸಿ, ಒಂದೊಂದೇ ಗಾಡಿಯನ್ನು ಫೆರಿಗೆ ಹತ್ತಿಸುವುದು ಅವನ ಕೆಲಸ. ಸೊಸೆಯದು ಬೆಂಕಿ ಆರಿಸುವ ಸಿಲಿಂಡರುಗಳನ್ನು ತಪಾಸಣೆ ಮಾಡುವ ಕಂಪನಿಯಲ್ಲಿ ಕೆಲಸ. ಮೂರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು, ಫೆರಿಯಲ್ಲಿದ್ದ ಆರು ಸಿಲಿಂಡರುಗಳ ಒತ್ತಡ ನೋಡಿ, ತಪಾಸಣೆಯ ಚೀಟಿ ಅಂಟಿಸಿ, ಸಂಜೆಯ ಬಸ್ಸಿಗೆ ವಾಪಸು ಹೋಗುತ್ತಿದ್ದಳು. ಆರು ಸಿಲಿಂಡರಿಗೆ ಎಷ್ಟು ಹೊತ್ತು ಬೇಕು? ಮೊದಲನೇ ಸಲ ಅರ್ಧ ಗಂಟೆ ಬೇಕಾಯಿತು. ಎರಡನೇ ಸಲ ಒಂದೂವರೆ ಗಂಟೆ. ಐದನೇ ಸಲ ಸಂಜೆಯ ಬಸ್ಸೇ ತಪ್ಪಿತು.

ಅತ್ತೆ ಬೇಡ ಎಂದರೆ? ಅದನ್ನೂ ಅವಳು ಯೋಚಿಸಿದ್ದಳು. ಬೇಡ ಎಂದರೆ ಇಲ್ಲ. ಹಾಗೆಂದು ಅವನಿಗೂ ಹೇಳಿಬಿಟ್ಟಿದ್ದಳು. ಅತ್ತೆ ಒಪ್ಪಬೇಕು, ಒಪ್ಪಿ ಜೊತೆಗೆ ಬಂದು ಇರಬೇಕು. ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದರು. ಮೊದಲ ದಿನ ಅವಳು ವಿಷಯ ಹೇಳಬೇಕು. ಹೇಳಿ, ಅತ್ತೆ ನೋಡಲು ಒಪ್ಪಿದರೆ ಮಾತ್ರ ಎರಡನೇ ದಿನ ಕಾರು ಫೆರಿಗೆ ಬರಬೇಕು. ಹೇಳಲು ಆಗದಿದ್ದರೆ ಆ ಕಡೆಗೆ ತಲೆಯೇ ಹಾಕಬಾರದು.

"ಸೀಟು ಮುಂದಕ್ಕೆ ಎಳ್ಕೊ," ಎಂದರು ಅತ್ತೆ. "ಕನ್ನಡಿ ಸರಿ ಮಾಡ್ಕೊ. ಬಾಯಿ ಎಲ್ಲಿ ಹೋಯ್ತು?"

ಬಾಯಿ ಎಂದರೆ ಅತ್ತೆಯ ವಿದ್ಯೆಯ ಮೊದಲ ಪಾಠ. ರಸ್ತೆಯಲ್ಲಿ ಏನು ಕಂಡಿತೋ, ಕೈಕಾಲು ಏನು ಮಾಡಿತೋ, ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾ ಓಡಿಸಬೇಕು. ಬಾಯಿ ಹೇಳಿದ್ದನ್ನು ಕಣ್ಣು ನೋಡಿಯೇ ಇರುತ್ತದೆ ಎಂಬುದು ಅವರ ವಾದ. ಬೇರೆ ಶಿಷ್ಯರು ಲೈಸೆನ್ಸು ಸಿಕ್ಕ ದಿನವೇ ಬಾಯಿ ಮುಚ್ಚಿಕೊಂಡರು. ಸೊಸೆಗೆ ಮಾತ್ರ ಅದು ರಕ್ತಕ್ಕೇ ಇಳಿದಿತ್ತು. ಸ್ಟಿಯರಿಂಗ್ ಹಿಡಿದರೆ ಸಾಕು, ಬಾಯಿ ತಾನಾಗಿ ಶುರುವಾಗುತ್ತಿತ್ತು.

"ಕನ್ನಡಿ ನೋಡಿದೆ. ಇಂಡಿಕೇಟರ್ ಹಾಕಿದೆ. ಎಡಕ್ಕೆ ಸೈಕಲ್. ಮುಂದೆ ಐಸ್ ಲಾರಿ, ನೀರು ಸುರಿಸ್ತಿದೆ. ನಾಯಿ, ದಾಟಲ್ಲ, ನಿದ್ದೆ ಮಾಡ್ತಿದೆ."

ಹಾಗೆ ಅವರಿಬ್ಬರೂ ಊರೊಳಗೆ ಹೊಕ್ಕರು. ಬಂದರಿನ ರಸ್ತೆ ಅಗಲವಾಗಿತ್ತು, ಒಂದು ಕಡೆ ಉದ್ದಕ್ಕೂ ಹಳೆಯ ಗೋದಾಮುಗಳು, ಇನ್ನೊಂದು ಕಡೆ ಕ್ರೇನುಗಳು. ಸೊಸೆ ಐದು ಸಲ ಬಂದಿದ್ದರೂ ಬಸ್ ನಿಲ್ದಾಣ ಮತ್ತು ಫೆರಿ ಬಿಟ್ಟರೆ ಏನನ್ನೂ ನೋಡಿದವಳಲ್ಲ. ಗೋದಾಮಿನ ಗೋಡೆಗಳ ಮೇಲೆ ಒಂದೊಂದು ಎತ್ತರಕ್ಕೆ ಗೆರೆ ಎಳೆದು ಇಸವಿ ಬರೆದಿದ್ದರು, ಯಾವ್ಯಾವ ವರ್ಷ ಸಮುದ್ರ ಎಲ್ಲಿಯವರೆಗೆ ಬಂದಿತ್ತೆಂದು. ಅತ್ತೆ ಕಾರು ನಿಲ್ಲಿಸಲು ಹೇಳಿ, ಕಿಟಕಿಯಿಂದ ತಲೆ ಹಾಕಿ, ಎಲ್ಲವನ್ನೂ ಓದಿದರು. "ಇಷ್ಟು ಸಲ ಮುಳುಗಿದ್ರೂ ಜನ ಇಲ್ಲೇ ಇದಾರೆ ನೋಡು," ಎಂದರು.

ಒಳ್ಳೆಯ ಸಮಯ ಎನಿಸಿತು ಸೊಸೆಗೆ. "ಅತ್ತೆ, ಒಂದು ಮಾತು ಹೇಳಬೇಕಿತ್ತು."

"ಮೊದಲು ಹ್ಯಾಂಡ್ ಬ್ರೇಕ್ ಹಾಕು. ಇಳಿಜಾರು."

ಹ್ಯಾಂಡ್ ಬ್ರೇಕ್ ಹಾಕುವಷ್ಟರಲ್ಲಿ ಧೈರ್ಯ ಇಳಿದುಹೋಗಿತ್ತು.

ಎರಡನೇ ಸಲ ದೋಣಿ ಕಟ್ಟುವ ಅಂಗಳದಲ್ಲಿ. ಬೋರಲಾಗಿ ಮಲಗಿಸಿದ ದೋಣಿಗಳ ನಡುವೆ ಒಬ್ಬ ಹೆಂಗಸು ಏಣಿ ಹತ್ತಿ ಹೊಸ ದೋಣಿಗೆ ನಂಬರು ಬರೆಯುತ್ತಿದ್ದಳು. ಅತ್ತೆ ಕೆಳಗೆ ನಿಂತು, ದೋಣಿಗೆ ಬ್ರೇಕು ಎಲ್ಲಿರುತ್ತದೆ ಎಂದು ಕೇಳಿದರು. ಬ್ರೇಕೇ ಇಲ್ಲ ಎಂದು ಆಕೆ ಹೇಳಿದಾಗ ಅತ್ತೆಯ ಮುಖ ನೋಡಬೇಕಿತ್ತು.

"ಮತ್ತೆ ನಿಲ್ಲಿಸೋದು ಹೇಗೆ?"

"ನಿಲ್ಲಿಸೋ ಜಾಗಕ್ಕೆ ತುಂಬಾ ಮೊದಲೇ ಇಂಜಿನ್ ಕಮ್ಮಿ ಮಾಡಬೇಕು ಅಮ್ಮ. ಅದಾಗಿ ಬಂದು ನಿಲ್ಲುತ್ತೆ."

ಅತ್ತೆ ಆ ಮಾತನ್ನು ಕಾರಿಗೆ ಬಂದ ಮೇಲೂ ಎರಡು ಸಲ ಹೇಳಿಕೊಂಡು ನಕ್ಕರು. ಅಷ್ಟು ಖುಷಿಯಾಗಿದ್ದವರ ಮೇಲೆ ಮದುವೆಯ ಸುದ್ದಿ ಎತ್ತಿ ಹಾಕಲು ಸೊಸೆಗೆ ಮನಸ್ಸು ಬರಲಿಲ್ಲ. ಅಥವಾ ಅವಳು ತನಗೆ ತಾನೇ ಹಾಗೆಂದು ಹೇಳಿಕೊಂಡಳು. ಹೇಡಿಗಳಿಗೆ ಕಾರಣಗಳಿಗೇನು ಬರ.

ಸಂಜೆ ಊರಿನ ಹಿಂದಿನ ಗುಡ್ಡ ಹತ್ತಿದರು. ಎರಡು ಕಾರು ಎದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕಾದಂಥ ರಸ್ತೆ. ಎರಡೂ ಬದಿಯ ಬಾಲ್ಕನಿಗಳ ನಡುವೆ ಬಟ್ಟೆ ಒಣಗಿಸುವ ಹಗ್ಗಗಳು, ಬಾಗಿಲ ಮೆಟ್ಟಿಲಲ್ಲಿ ಕೂತ ಮುದುಕಿಯರು ಕಾಲು ಮಡಚಿಕೊಂಡು ದಾರಿ ಬಿಡುತ್ತಿದ್ದರು. ಅತ್ತೆಯ ಬಲಗಾಲು ಕಾರಿನ ನೆಲವನ್ನು ಒತ್ತೀ ಒತ್ತೀ ರಬ್ಬರಿನ ಮ್ಯಾಟು ಅರ್ಧ ಮಡಚಿಹೋಗಿತ್ತು. ತುದಿಯಲ್ಲಿ ಒಂದು ಬೆಂಚು. ಬೆಂಚಿನ ಮೇಲೆ ಕೂತು, ಕಾಗದದಲ್ಲಿ ಸುತ್ತಿ ಕೊಟ್ಟ ಹುರಿದ ಮೀನು ತಿನ್ನುತ್ತಾ ಇಬ್ಬರೂ ಕೆಳಗೆ ನೋಡಿದರು. ಊರೆಲ್ಲ ಕಂಡಿತು. ದೂರದಲ್ಲಿ ಫೆರಿಯೂ ಕಂಡಿತು, ಬೆಂಕಿಪೊಟ್ಟಣದಷ್ಟು. ಈಗ ಹೇಳಲೇಬೇಕು ಎಂದು ಸೊಸೆ ಕೈ ಒರೆಸಿಕೊಂಡಳು.

"ಅವನಿಗೆ ಸಮುದ್ರ ಅಂದ್ರೆ ಪ್ರಾಣ," ಎಂದರು ಅತ್ತೆ. "ಚಿಕ್ಕೋನಿದ್ದಾಗ ಕರ್ಕೊಂಡು ಹೋಗು ಅಂತ ಗೋಳು ಹೊಯ್ಕೊಳ್ತಿದ್ದ. ನನಗೆ ಕ್ಲಾಸ್ ಬಿಟ್ಟು ಬರೋಕೆ ಆಗ್ಲಿಲ್ಲ. ಒಂದು ಸಲ ಕರ್ಕೊಂಡು ಬರಬೇಕಿತ್ತು ಕಣೆ."

ಸೊಸೆ ಬಾಯಿಗೆ ಬಂದ ಮಾತನ್ನು ಮೀನಿನ ಜೊತೆ ನುಂಗಿದಳು. ನುಂಗಲಾರದ ಉಗುಳಲಾರದ ಬಿಸಿತುಪ್ಪ ಎನ್ನುತ್ತಾರಲ್ಲ, ಅದು ಬೆಳಿಗ್ಗೆಯಿಂದ ಅವಳ ಗಂಟಲಲ್ಲೇ ಇತ್ತು. ಹೋಟೆಲಿಗೆ ಬಂದು ಮಲಗುವಾಗ ಒಂದು ಸಮಾಧಾನ ಮಾತ್ರ ಉಳಿದಿತ್ತು: ನಾಳೆ ಫೆರಿಯ ಕಡೆ ಹೋಗದಿದ್ದರಾಯಿತು. ಮುಂದಿನ ಸಲ ನೋಡಿಕೊಳ್ಳೋಣ.

ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅತ್ತೆ ಹೋಟೆಲಿನ ಯಜಮಾನಿಯ ಜೊತೆ ಮಾತಾಡಿ ಎಲ್ಲ ನಿರ್ಧಾರ ಮಾಡಿ ಮುಗಿಸಿದ್ದರು. "ಆಚೆ ದಡದಲ್ಲಿ ಲೈಟ್‌ಹೌಸ್ ಇದೆಯಂತೆ. ಕಾರನ್ನೇ ಫೆರಿ ಮೇಲೆ ಹತ್ತಿಸ್ತಾರಂತೆ. ನಾನು ಹುಟ್ಟಿದಾಗಿಂದ ಗಾಡಿ ಓಡಿಸಿದೀನಿ, ಗಾಡಿ ಸಮೇತ ನೀರಿನ ಮೇಲೆ ಹೋಗಿಲ್ಲ. ನಡಿ."

"ಲೈಟ್‌ಹೌಸ್ ಅಷ್ಟೇನು ಚೆನ್ನಾಗಿಲ್ವಂತೆ ಅತ್ತೆ."

"ನೋಡಿದೀಯಾ?"

"ಇಲ್ಲ."

"ಮತ್ತೆ?"

ಸೊಸೆ ಮೇಜು ಬಿಟ್ಟು ಎದ್ದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅವನಿಗೆ ಫೋನ್ ಮಾಡಿದಳು. ಮೂರು ಸಲ ಮಾಡಿದಳು. ಫೆರಿಯ ಇಂಜಿನ್ ಸದ್ದಿನಲ್ಲಿ ಅವನಿಗೆ ಎಲ್ಲಿ ಕೇಳಬೇಕು.

ಕರಾವಳಿಯ ರಸ್ತೆ ಆ ಬೆಳಿಗ್ಗೆ ಎಷ್ಟು ಚೆನ್ನಾಗಿತ್ತೆಂದರೆ, ಎದೆ ಹೊಡೆದುಕೊಳ್ಳದೇ ಇದ್ದಿದ್ದರೆ ಅವಳು ಅದನ್ನು ಜೀವನಪೂರ್ತಿ ನೆನಪಿಟ್ಟುಕೊಳ್ಳುತ್ತಿದ್ದಳು. ಉಪ್ಪಿನ ಗದ್ದೆಗಳು, ಅಲ್ಲಲ್ಲಿ ಬಿಳಿ ರಾಶಿ, ಕಲ್ಲು ಒಟ್ಟಿದ ಅಲೆಗೋಡೆಯ ಮೇಲೆ ಗಾಳ ಹಾಕಿ ಕೂತವರು. ಅವಳ ಬಾಯಿ ಮಾತ್ರ ತನ್ನ ಪಾಡಿಗೆ ಹೇಳುತ್ತಾ ಹೋಯಿತು. "ಬಲಕ್ಕೆ ತಿರುವು. ಎದುರಿಗೆ ಟ್ರಾಕ್ಟರ್. ಸಾಲು ಶುರು. ನಿಧಾನ ಮಾಡ್ದೆ. ಮುಂದೆ ಹನ್ನೆರಡು ಗಾಡಿ."

ಹನ್ನೆರಡು ಗಾಡಿಗಳ ಆಚೆ, ಫೆರಿಯ ಇಳಿಜಾರು ಹಲಗೆಯ ಬುಡದಲ್ಲಿ, ಕಿತ್ತಳೆ ಕೋಟು ಹಾಕಿದ ಒಬ್ಬ ಮನುಷ್ಯ ತಿರುಗಿ ನೋಡಿದ. ಕಾರಿನೊಳಗೆ ಇಬ್ಬರು ಹೆಂಗಸರು ಇರುವುದನ್ನು ನೋಡಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು: ಕಾರು ಬಂದಿದೆ ಎಂದರೆ ವಿಷಯ ಹೇಳಿ ಆಗಿದೆ, ಅತ್ತೆ ಒಪ್ಪಿ ನೋಡಲು ಬಂದಿದ್ದಾರೆ. ಪಾಪ, ಅವನ ಮುಖ ಅರಳಿದ್ದು ಅಷ್ಟು ದೂರದಿಂದಲೂ ಕಂಡಿತು. ಎರಡೂ ಕೈ ಎತ್ತಿ, ಬನ್ನಿ ಬನ್ನಿ, ಸಾಲಿನ ಪಕ್ಕದಿಂದ ಹೀಗೆ ಮುಂದಕ್ಕೆ ಬನ್ನಿ ಎಂದು ಕರೆಯತೊಡಗಿದ.

ಸೊಸೆಗೆ ಕೈಕಾಲು ಆಡಲಿಲ್ಲ. ಆಡಿದ್ದು ಬಾಯಿ ಒಂದೇ.

"ಮುಂದಕ್ಕೆ ಕರೀತಿದಾರೆ. ಸಾಲು ಬಿಟ್ಟು ಬಲಕ್ಕೆ ತಗೊಂಡೆ. ಎರಡನೇ ಗೇರು. ಎದುರಿಗೆ ಕೈ ತೋರಿಸೋ ಮನುಷ್ಯ, ಗಡ್ಡ ಬೋಳಿಸಿದಾರೆ."

ಅತ್ತೆ ನಿಧಾನವಾಗಿ ಇವಳ ಕಡೆ ತಿರುಗಿದರು.

"ಇವನಿಗೆ ಗಡ್ಡ ಇತ್ತು ಅಂತ ನಿನಗೆ ಹೇಗೆ ಗೊತ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸೊಸೆಯ ಕೈ ತಾನಾಗಿ ತನ್ನ ಗಲ್ಲಕ್ಕೆ ಹೋಯಿತು. ಅಷ್ಟರಲ್ಲಿ ಕಾರು ಹಲಗೆಯ ಹತ್ತಿರ ಬಂದಿತ್ತು, ಅವನು ಅತ್ತೆಯ ಕಿಟಕಿಗೆ ಬಗ್ಗಿದ್ದ.

"ಬನ್ನಿ ಅಮ್ಮ, ಬನ್ನಿ. ನಿಮಗೋಸ್ಕರ ಮೊದಲನೇ ಜಾಗ ಇಟ್ಟಿದೀನಿ. ಅಲ್ಲಿಂದ ಸಮುದ್ರ ಚೆನ್ನಾಗಿ ಕಾಣುತ್ತೆ."

ಅತ್ತೆ ಅವನನ್ನು ನೋಡಿದರು. ಆಮೇಲೆ ಹಿಂದೆ ಸಾಲಿನಲ್ಲಿ ಕಾಯುತ್ತಿದ್ದ ಗಾಡಿಗಳನ್ನು ನೋಡಿದರು.

"ಅವರೆಲ್ಲ ಏನು ಪಾಪ ಮಾಡಿದ್ರು?"

"ಅಮ್ಮ?"

"ಹನ್ನೆರಡು ಗಾಡಿ ನಮಗಿಂತ ಮುಂಚೆ ಬಂದಿವೆ. ನಮ್ಮನ್ನ ಯಾಕೆ ಮುಂದೆ ಬಿಡ್ತಿದೀರ? ನಾವೇನು ಬಾಣಂತಿಯರಾ, ಆಂಬ್ಯುಲೆನ್ಸಾ?" ಅವನ ಉತ್ತರಕ್ಕೆ ಕಾಯದೆ ಸೊಸೆಗೆ ಹೇಳಿದರು, "ರಿವರ್ಸ್ ಹಾಕು. ಸಾಲಿನ ಕೊನೆಗೆ ಹೋಗು."

ಹನ್ನೆರಡು ಗಾಡಿಗಳ ಪಕ್ಕದಲ್ಲಿ, ಇಪ್ಪತ್ತು ಮೂವತ್ತು ಜನರ ಕಣ್ಣೆದುರು, ಸೊಸೆ ರಿವರ್ಸಿನಲ್ಲಿ ಅಷ್ಟುದ್ದ ಹಿಂದಕ್ಕೆ ಬಂದಳು. ಒಬ್ಬ ಲಾರಿ ಡ್ರೈವರ್ ಚಪ್ಪಾಳೆ ತಟ್ಟಿದ. ಅವಳ ಬಾಯಿ ಮೊದಲ ಸಲ ಕಟ್ಟಿಹೋಗಿತ್ತು. ಹಿಂದೆ ಬಂದು ನಿಲ್ಲಿಸುವಷ್ಟರಲ್ಲಿ ಹತ್ತು ಗಾಡಿ ಹತ್ತಿ ಫೆರಿ ತುಂಬಿತು. ಅವನು ಫೆರಿಯ ಜೊತೆಗೇ ಹೋಗಬೇಕು, ಆಚೆ ದಡದಲ್ಲಿ ಇಳಿಸುವವನೂ ಅವನೇ. ಸರಪಳಿ ಹಾಕುತ್ತಾ ಅವನು ಇವರ ಕಡೆಯೇ ನೋಡುತ್ತಿದ್ದ. ಏನೋ ಎಡವಟ್ಟಾಗಿದೆ ಎಂದು ಗೊತ್ತಾಗಿದೆ, ಏನೆಂದು ಗೊತ್ತಾಗಿಲ್ಲ.

ಫೆರಿ ಹೊರಟಿತು. ವಾಪಸು ಬರಲು ನಲವತ್ತು ನಿಮಿಷ.

"ಇಂಜಿನ್ ಆಫ್ ಮಾಡು," ಎಂದರು ಅತ್ತೆ. "ಈಗ ಹೇಳು."

ಸೊಸೆ ಹೇಳಿದಳು. ಸಿಲಿಂಡರಿನಿಂದ ಶುರುಮಾಡಿ, ತಪ್ಪಿದ ಬಸ್ಸಿನವರೆಗೆ, ಒಂದೂ ಬಿಡದೆ. ಹೇಳುವಾಗ ಸ್ಟಿಯರಿಂಗ್ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ನಿನ್ನೆಯೇ ಹೇಳಬೇಕಿತ್ತು, ಹೇಳಲಾಗಲಿಲ್ಲ, ಇಲ್ಲಿಗೆ ಕರೆತರಬಾರದಿತ್ತು ಎಂದಳು. ಅವರಿಗೆ ಯಾರೂ ಇಲ್ಲ, ನೀರಿನ ಮೇಲೆ ಇರೋನಿಗೆ ಯಾರು ಹೆಣ್ಣು ಕೊಡ್ತಾರೆ ಅಂತ ಸುಮ್ಮನಿದ್ದರಂತೆ ಎಂದಳು. ಕಂಪನಿ ಈ ಊರಲ್ಲೂ ಒಂದು ಆಫೀಸು ತೆರೆಯುತ್ತಿದೆ, ವರ್ಗ ಕೇಳಬಹುದು ಎಂದಳು. ಕೊನೆಗೆ, "ನೀವು ಬೇಡ ಅಂದ್ರೆ ಇಲ್ಲ ಅತ್ತೆ," ಎಂದಳು.

ಅತ್ತೆ ಬಾಗಿಲು ತೆಗೆದು ಇಳಿದು, ಅಲೆಗೋಡೆಯ ಮೇಲೆ ನಡೆಯುತ್ತಾ ಹೋದರು.

ಅವರು ಗಾಳ ಹಾಕಿ ಕೂತವರನ್ನು ದಾಟಿ, ಗೋಡೆಯ ಕೊನೆಯಲ್ಲಿ ಬೆನ್ನು ಹಾಕಿ ನಿಂತದ್ದನ್ನು ಸೊಸೆ ಗಾಜಿನಿಂದ ನೋಡುತ್ತಾ ಕೂತಳು. ಹಿಂದೆ ಹೋಗಲೇ? ಬೇಡವೇ? ಅತ್ತೆ ಅಳುತ್ತಿದ್ದರೆ ಯಾರೂ ಹತ್ತಿರ ಹೋಗಬಾರದು, ಅದು ಮನೆಯ ಅಲಿಖಿತ ಕಾನೂನು. ಮಗ ಹೋದಾಗಲೂ ಅವರು ಶೆಡ್ಡಿಗೆ ಹೋಗಿ, ಕಲಿಸುವ ಕಾರಿನೊಳಗೆ ಕೂತು, ಗಾಜು ಏರಿಸಿಕೊಂಡೇ ಅತ್ತಿದ್ದರು. ಸೊಸೆಗೆ ಒಂದೇ ಒಂದು ಯೋಚನೆ ಬಂತು: ಬೇಡ ಅನ್ನಲಿ, ಬೈಯಲಿ, ಆದರೆ ನನ್ನನ್ನು ಬಿಟ್ಟು ಹೋಗದಿರಲಿ. ಅವಳಿಗೆ ತಾಯಿ ಇರಲಿಲ್ಲ. ಇದ್ದದ್ದು ಇವರೇ.

ಆಚೆ ದಡದಿಂದ ಫೆರಿ ಹೊರಟಾಗ ಅತ್ತೆ ವಾಪಸು ಬಂದರು. ಕಣ್ಣು ಕೆಂಪಗಿತ್ತು. ಕೂತು, ಸೀಟ್ ಬೆಲ್ಟ್ ಹಾಕಿಕೊಂಡರು.

"ನನಗೆ ಹೊಟ್ಟೆಕಿಚ್ಚಾಗ್ತಿದೆ," ಎಂದರು. "ನೀನು ಮದುವೆ ಆಗ್ತೀಯ ಅಂತಲ್ಲ. ಇವನು ಬದುಕಿದಾನಲ್ಲ ಅಂತ. ಬಿಸಿಲಲ್ಲಿ ನಿಂತು ಕೈ ಬೀಸ್ತಾ, ಗಟ್ಟಿಮುಟ್ಟಾಗಿ. ನನ್ನ ಮಗ ಯಾಕೆ ಇಲ್ಲ ಅಂತ. ಇವನ ತಪ್ಪಲ್ಲ, ಗೊತ್ತು. ಆದ್ರೂ ಅಲ್ಲಿ ನಿಂತ್ಕೊಂಡು ಚೆನ್ನಾಗಿ ಬೈದು ಬಂದೆ."

"ಯಾರನ್ನ ಅತ್ತೆ?"

"ಸಮುದ್ರಾನ. ಇನ್ಯಾರನ್ನ ಬೈಲಿ?" ಮೂಗು ಒರೆಸಿಕೊಂಡರು. "ಅವನು ಹೋದಾಗ ನೀನೂ ಹೋಗ್ತೀಯ ಅಂದ್ಕೊಂಡಿದ್ದೆ. ನೀನು ಹೋಗ್ಲಿಲ್ಲ. ನಾಲ್ಕು ವರ್ಷ ನನ್ನ ಬಿ.ಪಿ. ಮಾತ್ರೆ, ನನ್ನ ಗೊಣಗಾಟ. ಇಷ್ಟಾದ ಮೇಲೆ ನಾನು ಅಡ್ಡ ನಿಂತ್ರೆ ನಾನೂ ಮನುಷ್ಯಳಾ? ಮಾಡ್ಕೊ. ನಾನು ಮಗಳ ಮನೆಗೆ ಹೋಗ್ತೀನಿ."

"ಮಗಳ ಮನೇಲಿ ನೀವು ಮೂರು ದಿನ ಇರಲ್ಲ. ಅಳಿಯ ಇಂಡಿಕೇಟರ್ ಹಾಕಲ್ಲ ಅಂತ ಜಗಳ ಮಾಡ್ಕೊಂಡು ಬರ್ತೀರ."

"ಅದು ಬೇರೆ ವಿಷಯ."

"ನೀವು ನಮ್ಮ ಜೊತೆ ಇರಬೇಕು ಅತ್ತೆ. ಇಲ್ಲಾಂದ್ರೆ ಈ ಮದುವೆ ಬೇಡ ನನಗೆ."

"ಹೊಸದಾಗಿ ಮದುವೆ ಆದವರ ಮಧ್ಯ ನಾನೇನು ಸ್ಟೆಪ್ನಿಯಾ? ಡಿಕ್ಕೀಲಿ ಇಟ್ಕೊಂಡು ತಿರುಗೋಕೆ? ಅವನಾದ್ರೂ ಏನು ಅಂದ್ಕೊಳ್ತಾನೆ? ಸತ್ತ ಗಂಡನ ತಾಯಿ, ಯಾವ ಲೆಕ್ಕದಲ್ಲಿ ಆ ಮನೇಲಿ ಇರಲಿ ನಾನು?"

ಅಷ್ಟರಲ್ಲಿ ಫೆರಿ ಬಂದು ದಡಕ್ಕೆ ತಾಗಿತು. ಸಾಲು ಸರಿಯಿತು. ಈ ಸಲ ಅವನು ಇವರನ್ನು ಕಣ್ಣೆತ್ತಿಯೂ ನೋಡದೆ, ಅವರವರ ಸರದಿಯಂತೆ ಒಂದೊಂದೇ ಗಾಡಿ ಹತ್ತಿಸಿದ. ಮೂರನೆಯದಾಗಿ ಇವರ ಕಾರು ಬಂದಾಗ, ಎಲ್ಲರಿಗೂ ತೋರಿಸಿದಷ್ಟೇ ಕೈ ತೋರಿಸಿದ. ಎಡಕ್ಕೆ, ಇನ್ನು ಸ್ವಲ್ಪ, ನೇರ, ಸಾಕು. ಅತ್ತೆ ಅವನ ಕೈಯನ್ನೇ ನೋಡುತ್ತಿದ್ದರು. ಸೊಸೆ ಓರೆಗಣ್ಣಲ್ಲಿ ಕೆಳಗೆ ನೋಡಿದಳು. ಅತ್ತೆಯ ಕಾಲು ನೆಲ ಒತ್ತುತ್ತಿರಲಿಲ್ಲ.

ಫೆರಿ ನಡುನೀರಿಗೆ ಬಂದ ಮೇಲೆ ಅವನು ಹಗ್ಗ ಸುತ್ತಿಟ್ಟು ಕಾರಿನಿಂದ ನಾಲ್ಕು ಮಾರು ದೂರದಲ್ಲಿ ನಿಂತ. ಹತ್ತಿರ ಬರುವ ಧೈರ್ಯವಿಲ್ಲ, ದೂರ ಹೋಗಲು ಮನಸ್ಸಿಲ್ಲ. ಅತ್ತೆ ಗಾಜು ಇಳಿಸಿದರು.

"ಬನ್ನಿ ಇಲ್ಲಿ."

ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬೋಳಿಸಿದ ಗಲ್ಲ ಮುಖದ ಉಳಿದ ಭಾಗಕ್ಕಿಂತ ಎರಡು ಬಣ್ಣ ಬಿಳಿ ಇತ್ತು.

"ಗಡ್ಡ ಯಾಕೆ ತೆಗೆದ್ರಿ?"

"ನೀವು ಬರ್ತೀರ ಅಂತ ಅಮ್ಮ. ನೀಟಾಗಿ ಕಾಣ್ಲಿ ಅಂತ."

"ಸಾಲು ಯಾಕೆ ತಪ್ಪಿಸಿದ್ರಿ?"

"ಅದೂ ನೀವು ಬರ್ತೀರ ಅಂತಾನೇ. ತಪ್ಪಾಯ್ತು. ಹನ್ನೊಂದು ವರ್ಷದಲ್ಲಿ ಒಂದು ಸಲಾನೂ ಮಾಡಿರಲಿಲ್ಲ."

"ಈ ಹನ್ನೊಂದು ವರ್ಷದಲ್ಲಿ ಎಷ್ಟು ಗಾಡಿಗೆ ಏಟು ಮಾಡ್ಸಿದೀರ?"

"ಮೂರಕ್ಕೆ ಗೀರು ಬಿದ್ದಿದೆ. ಎರಡು ನನ್ನ ತಪ್ಪು."

"ಮೂರನೇದು?"

"ಡ್ರೈವರ್ ಫೋನಲ್ಲಿ ಮಾತಾಡ್ತಿದ್ದ."

ಅತ್ತೆ ತಲೆಯಾಡಿಸಿದರು. ತನ್ನ ತಪ್ಪನ್ನು ಮೊದಲು ಎಣಿಸುವ ಗಂಡಸನ್ನು ಅವರು ತಮ್ಮ ವೃತ್ತಿಯಲ್ಲಿ ಹೆಚ್ಚು ನೋಡಿರಲಿಲ್ಲ.

"ನನ್ನ ಮಗನ ವಿಷಯ ಇವಳು ಹೇಳಿದಾಳಾ?"

"ಹೇಳಿದಾರೆ ಅಮ್ಮ. ನಾವು ಮೊದಲು ಮಾತಾಡಿದ್ದೇ ಅವರ ವಿಷಯ."

"ಅವನ ಫೋಟೋ ಮನೇಲಿ ಇರುತ್ತೆ."

"ಇರ್ಲಿ. ಗೋಡೆ ಬೇಕಾದಷ್ಟಿದೆ."

ಸೊಸೆ ಉಸಿರು ಬಿಡಲೂ ಹೆದರಿ ಕೂತಿದ್ದಳು. ಅತ್ತೆ ಕೇಳುತ್ತಿದ್ದದ್ದು ಅವಳ ಮದುವೆಗಾಗಿ. ಅದಕ್ಕೆ ಒಪ್ಪಿಗೆ ಆಗಲೇ ಸಿಕ್ಕಿತ್ತು. ಸಿಗದೆ ಉಳಿದದ್ದು ಅತ್ತೆ ಜೊತೆಗೆ ಬಂದು ಇರುವ ಮಾತು, ಅದನ್ನು ಮತ್ತೆ ಕೇಳುವ ದಾರಿ ಅವಳಿಗೆ ಗೊತ್ತಿರಲಿಲ್ಲ.

"ಎಲ್ಲಿ ಆ ಗೋಡೆ?" ಎಂದರು ಅತ್ತೆ.

ಅವನು ದಡದ ಕಡೆ ಕೈ ತೋರಿಸಿದ. "ಅಲ್ಲಿ, ನೀರಿನ ಟ್ಯಾಂಕ್ ಪಕ್ಕ, ಹಸಿರು ಬಾಗಿಲಿನ ಮನೆ. ಮೇಲಿನ ಮಹಡಿ. ಎರಡು ರೂಮು. ಒಂದು ಸಮುದ್ರದ ಕಡೆ, ಒಂದು ರಸ್ತೆ ಕಡೆ. ಸಮುದ್ರದ ಕಡೇದು ದೊಡ್ಡದು, ಗಾಳಿ ಚೆನ್ನಾಗಿ ಬರುತ್ತೆ. ಹೋದ ತಿಂಗಳು ಬಣ್ಣ ಹೊಡೆದೆ. ಮಂಚ ಕಿಟಕಿ ಹತ್ರ ಹಾಕಿದೀನಿ, ಮಲ್ಕೊಂಡೇ ಸಮುದ್ರ ನೋಡಬಹುದು. ಅದು ನಿಮಗೆ ಅಮ್ಮ."

"ನನಗೆ?"

"ಹೌದು."

"ಇವಳು ಹೇಳಿದ್ಲಾ ಬಣ್ಣ ಹೊಡಿ ಅಂತ?"

"ನನಗೆ ಗೊತ್ತೇ ಇಲ್ಲ ಅತ್ತೆ," ಎಂದಳು ಸೊಸೆ. ನಿಜವಾಗಿಯೂ ಗೊತ್ತಿರಲಿಲ್ಲ. ಕಣ್ಣು ತುಂಬಿ ಎದುರಿನ ಗಾಜು, ನೀರು, ಮುಂದಿದ್ದ ವ್ಯಾನು ಎಲ್ಲ ಕಲಸಿಹೋಯಿತು.

"ಅತ್ತೇನ ಬಿಟ್ಟು ಬರಲ್ಲ ಅಂತ ಇವರು ಮೊದಲೇ ಹೇಳಿದ್ರು," ಎಂದ ಅವನು. "ನನಗೂ ಮನೇಲಿ ದೊಡ್ಡೋರು ಅಂತ ಯಾರೂ ಇಲ್ಲ. ಅದಕ್ಕೇ ಹೊಡೆದೆ."

ಅತ್ತೆ ಆ ಹಸಿರು ಬಾಗಿಲನ್ನು ತುಂಬಾ ಹೊತ್ತು ನೋಡಿದರು. ಫೆರಿ ತಿರುಗುತ್ತಿದ್ದಂತೆ ಅದು ಟ್ಯಾಂಕಿನ ಹಿಂದೆ ಮರೆಯಾಯಿತು. ಕತ್ತು ಹೊರಳಿಸಿ ನೋಡಿದರು.

"ಸಮುದ್ರದ ರೂಮು ನೀವಿಬ್ಬರೂ ಇಟ್ಕೊಳ್ಳಿ," ಎಂದರು. "ನನಗೆ ರಸ್ತೆ ಕಡೇದು ಕೊಡಿ. ನಿನ್ನೆಯಿಂದ ನೋಡ್ತಿದೀನಿ, ಈ ಊರಲ್ಲಿ ಒಬ್ಬನಿಗೂ ಗಾಡಿ ಓಡಿಸೋಕೆ ಬರಲ್ಲ. ಕಿಟಕೀಲಿ ಕೂತು ದಿನಾ ಬೈಬೇಕು."

ಸೊಸೆ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಅತ್ತಳು. ಅತ್ತೆ ಅವಳ ಬೆನ್ನಿನ ಮೇಲೆ ಕೈಯಿಟ್ಟರು, ತೆಗೆಯಲಿಲ್ಲ.

"ಹಾಗಾದ್ರೆ ಆ ರೂಮಿಗೂ ಬಣ್ಣ ಹೊಡೀಬೇಕು," ಎಂದ ಅವನು. "ಭಾನುವಾರ ರಜ ಇದೆ."